ಖಾಲಿ ಮರಳುವ ತಟ್ಟೆ

(ಆಗಮನ ಕಾಲದ ಮೂರನೆಯ ಭಾನುವಾರ, ಗರಗದಲ್ಲಿ ಕುಟುಂಬಗಳಿಗೆ ನೀಡಿದ ಪ್ರಬೋಧನೆ. ಶುಭಸಂದೇಶ: ಲೂಕ 3:10-18)



ಇಂದು ಆಗಮನ ಕಾಲದ ಮೂರನೆಯ ಭಾನುವಾರ. ಧರ್ಮಸಭೆ ಇದನ್ನು ಹರ್ಷದ ಭಾನುವಾರವೆಂದು ಆಚರಿಸುತ್ತದೆ. ಪಶ್ಚಾತ್ತಾಪದ ನೇರಳೆ ಬಣ್ಣವನ್ನು ಒಂದು ದಿನದ ಮಟ್ಟಿಗೆ ಬದಿಗಿಟ್ಟು ಗುಲಾಬಿ ಬಣ್ಣದ ಪೂಜಾವಸ್ತ್ರ ಧರಿಸುವುದೂ ಅದಕ್ಕಾಗಿಯೇ. ಕ್ರಿಸ್ತಜಯಂತಿಗೆ ಇನ್ನು ಎರಡು ವಾರವೂ ಉಳಿದಿಲ್ಲ. ನಿಮ್ಮ ಮನೆಗಳಿಂದಲೂ ಹರ್ಷದ ವಾಸನೆ ಬರತೊಡಗಿದೆ. ಒಬ್ಬರ ಮನೆಯಲ್ಲಿ ಎಳ್ಳು ಹುರಿಯುತ್ತಾರೆ, ಇನ್ನೊಬ್ಬರ ಮನೆಯಲ್ಲಿ ಕೊಬ್ಬರಿ ತುರಿಯುತ್ತಾರೆ, ಮತ್ತೊಬ್ಬರ ಮನೆಯಲ್ಲಿ ಬೆಲ್ಲದ ಪಾಕ ಕಾಯುತ್ತಿದೆ.

ಇಂದಿನ ಶುಭಸಂದೇಶದಲ್ಲಿ ಜನರು ಸ್ನಾನಿಕ ಯೊವಾನ್ನರ ಬಳಿ ಬಂದು ಕೇಳುವುದು ಒಂದೇ ಪ್ರಶ್ನೆ: ನಾವು ಏನು ಮಾಡಬೇಕು? ಯೊವಾನ್ನರು ಅವರನ್ನು ತಮ್ಮ ಹಾಗೆ ಅಡವಿಗೆ ಕರೆಯಲಿಲ್ಲ. ಮಿಡತೆ, ಕಾಡುಜೇನು ತಿನ್ನಿರಿ ಎನ್ನಲಿಲ್ಲ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದನ್ನು ಕೊಡಲಿ, ಆಹಾರ ಇದ್ದವನೂ ಹಾಗೆಯೇ ಮಾಡಲಿ ಎಂದರು. ನೋಡಿ, ಪ್ರವಾದಿಯ ಮಾತು ಜೋರ್ಡಾನ್ ನದಿಯ ದಂಡೆಯಿಂದ ಹೊರಟು ನೇರವಾಗಿ ನಮ್ಮ ಅಡುಗೆಮನೆಗೆ ಬಂದು ನಿಂತಿತು! ಆದ್ದರಿಂದ ಇಂದು ನಾನೂ ಅಡುಗೆಮನೆಯ ವಿಷಯವನ್ನೇ ಮಾತನಾಡುತ್ತೇನೆ. ಕ್ರಿಸ್‌ಮಸ್ಸಿಗೆ ನಾವು ಮಾಡುವ ತಿಂಡಿಗಳ ಬಗ್ಗೆ, ಮತ್ತು ಅವು ಹೋಗಬೇಕಾದ ಮನೆಗಳ ಬಗ್ಗೆ.

ನಮ್ಮ ಸೀಮೆಯಲ್ಲಿ ಮಳೆಗಾಲ ಮುಗಿದೊಡನೆ ಒಲೆಗೆ ಬಿಡುವಿಲ್ಲ. ಸೀಗಿ ಹುಣ್ಣಿಮೆ ಬರುತ್ತದೆ. ದೀಪಾವಳಿಗೆ ಚಕ್ಕಲಿ, ಶಂಕರಪೋಳಿ, ಬೇಸನ್ ಉಂಡಿ, ಅವಲಕ್ಕಿ ಚೂಡಾ. ಕ್ರಿಸ್‌ಮಸ್ಸಿನ ಆಸುಪಾಸಿನಲ್ಲಿ ಎಳ್ಳಮಾವಾಸ್ಯೆ ಬಂದಾಗ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ. ಕರಾವಳಿಯಿಂದ, ಗೋವೆಯಿಂದ ಕೆಲಸಕ್ಕೆಂದು ಹುಬ್ಬಳ್ಳಿ-ಧಾರವಾಡಕ್ಕೆ ಬಂದ ನಮ್ಮ ಕುಟುಂಬಗಳು ತಮ್ಮೊಡನೆ ಕುಸ್ವಾರ್ ತಂದವು. ಕುಸ್ವಾರ್ ಎಂದರೆ ಒಂದು ತಿಂಡಿಯ ಹೆಸರಲ್ಲ, ಕ್ರಿಸ್‌ಮಸ್ಸಿನ ಇಡೀ ತಟ್ಟೆಯ ಹೆಸರು. ಅದರಲ್ಲಿ ನೆವ್ರಿ, ಕಿಡಿಯೊ, ಗುಳಿಯೊ, ಗುಲಾಬಿ ಹೂವಿನಂಥ ರೋಸ್ ಕುಕ್ಕಿ, ಚಕ್ಕುಲಿ, ಎಳ್ಳುಂಡೆ, ಕೇಕು ಎಲ್ಲವೂ ಸೇರುತ್ತವೆ. ಮಂಗಳೂರಿನವರ ನೆವ್ರಿಯನ್ನು ನಮ್ಮ ಊರಿನ ಅಜ್ಜಿಯರ ಮುಂದೆ ಇಟ್ಟರೆ, ಇದು ನಮ್ಮ ಕರ್ಚಿಕಾಯಿ ಅಲ್ಲವೇನು ಎನ್ನುತ್ತಾರೆ. ಹೌದು, ಎರಡೂ ಅಕ್ಕತಂಗಿಯರೇ. ಅದೇ ಅರ್ಧಚಂದ್ರ, ಅದೇ ಕೊಬ್ಬರಿ-ಎಳ್ಳಿನ ಹೂರಣ, ಅಂಚನ್ನು ಬಿಗಿಯಾಗಿ ಒತ್ತದಿದ್ದರೆ ಬಾಣಲಿಯ ಎಣ್ಣೆಯನ್ನೆಲ್ಲ ಕೆಡಿಸುವ ಅದೇ ಗುಣ.

ಗರಗದವರಿಗೆ ಕೈಕೆಲಸದ ಬೆಲೆಯನ್ನು ನಾನು ಹೇಳಬೇಕಾಗಿಲ್ಲ. 1954ರಲ್ಲಿ ಇಲ್ಲಿ ಆರಂಭವಾದ ಗರಗ ಕ್ಷೇತ್ರೀಯ ಸೇವಾ ಸಂಘದ ಖಾದಿ ರಾಷ್ಟ್ರಧ್ವಜದ ಬಟ್ಟೆಯಾಗಿ ದೇಶಕ್ಕೆಲ್ಲ ಗೊತ್ತಾಯಿತು. ಈ ಊರಿನ ಹೆಣ್ಣುಮಕ್ಕಳು ತೆಗೆದ ನೂಲು ದೊಡ್ಡ ದೊಡ್ಡ ಕಟ್ಟಡಗಳ ಮೇಲೆ ಹಾರಿತು. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದಲ್ಲಿ ನೇಯ್ದ ಬಟ್ಟೆಗೂ ಪಾಲಿಯೆಸ್ಟರಿಗೂ ಅವಕಾಶ ಸಿಕ್ಕಿತು. ಯಂತ್ರಕ್ಕೆ ವೇಗ ಹೆಚ್ಚು, ಬೆಲೆ ಕಡಿಮೆ. ಆದರೆ ಕೈಯಿಂದ ಆದ ವಸ್ತುವಿನೊಳಗೆ ಒಬ್ಬ ಮನುಷ್ಯನ ಒಂದು ದಿನ ಇರುತ್ತದೆ. ಮನೆಯಲ್ಲಿ ಮಾಡಿದ ತಿಂಡಿಯೂ ಹಾಗೆಯೇ. ಅಂಗಡಿಯ ಡಬ್ಬಿಯನ್ನು ನಾನು ಹಳಿಯುತ್ತಿಲ್ಲ. ಬೇಕರಿಯವರಿಗೂ ಹೊಟ್ಟೆಪಾಡಿದೆ. ನಮ್ಮ ಧಾರವಾಡ ಫೇಡೆಯೂ ಉತ್ತರ ಪ್ರದೇಶದ ಉನ್ನಾವದಿಂದ ವಲಸೆ ಬಂದ ಒಂದು ಕುಟುಂಬದ ಕೈರುಚಿಯಿಂದಲೇ ಬೆಳೆದದ್ದು. ಆದರೆ ಹಣ ಕೊಟ್ಟು ತಂದ ಡಬ್ಬಿಯಲ್ಲಿ ನಮ್ಮ ಹಣ ಇರುತ್ತದೆ, ಮಾಡಿ ಕೊಟ್ಟ ತಟ್ಟೆಯಲ್ಲಿ ನಾವೇ ಇರುತ್ತೇವೆ.

ಯೊವಾನ್ನರ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮೂರು ವಿಷಯಗಳನ್ನು ಧ್ಯಾನಿಸೋಣ.

ಮೊದಲನೆಯದಾಗಿ, ತಿಂಡಿ ಮಾಡುವಾಗ ಮನೆಯವರೆಲ್ಲರ ಕೈ ಕೂಡಲಿ. ಅನೇಕ ಮನೆಗಳಲ್ಲಿ ಕ್ರಿಸ್‌ಮಸ್ ಎಂದರೆ ತಾಯಿ ಒಬ್ಬಳೇ ಮೂರು ದಿನ ಬಿಸಿ ಎಣ್ಣೆಯ ಮುಂದೆ ಕೂಡುವುದು, ಉಳಿದವರು ಟಿ.ವಿ. ಮುಂದೆ ಕೂಡುವುದು. ಮಧ್ಯರಾತ್ರಿಯ ಬಲಿಪೂಜೆಗೆ ಬರುವ ಹೊತ್ತಿಗೆ ಆ ತಾಯಿಗೆ ಕಣ್ಣು ಬಿಡಲೂ ಆಗುವುದಿಲ್ಲ. ಯೇಸುಸ್ವಾಮಿ ಮಾರ್ತಳಿಗೆ, ನೀನು ಬಹಳ ವಿಷಯಗಳಿಗಾಗಿ ಚಿಂತೆಗೆ ಒಳಗಾಗಿದ್ದೀ ಎಂದದ್ದನ್ನು ನಾವು ಆಗಾಗ್ಗೆ ಹೆಂಗಸರಿಗೆ ನೆನಪಿಸುತ್ತೇವೆ. ಆದರೆ ಮಾರ್ತಳ ಭಾರ ಇಳಿಯಬೇಕಾದರೆ ಯಾರಾದರೂ ಎದ್ದು ಅಡುಗೆಮನೆಗೆ ಹೋಗಬೇಕಲ್ಲವೇ?

ಕಿಡಿಯೊ ಮಾಡುವುದನ್ನೇ ನೋಡಿ. ಹಿಟ್ಟಿನ ಸಣ್ಣ ಗುಂಡನ್ನು ಮುಳ್ಳುಚಮಚದ ಬೆನ್ನಿನ ಮೇಲೋ, ಹೊಸ ಬಾಚಣಿಗೆಯ ಮೇಲೋ ಒತ್ತಿ ಸುರುಳಿ ಸುತ್ತಬೇಕು. ಒಂದು ಸೇರು ಹಿಟ್ಟಿಗೆ ನೂರಾರು ಸುರುಳಿಗಳಾಗುತ್ತವೆ. ಒಬ್ಬರೇ ಮಾಡಿದರೆ ಬೆನ್ನು ಮುರಿಯುತ್ತದೆ, ಮನೆಮಂದಿಯೆಲ್ಲ ಸುತ್ತ ಕೂತರೆ ಹಾಡು ಮುಗಿಯುವುದರೊಳಗೆ ಹಿಟ್ಟು ಮುಗಿಯುತ್ತದೆ. ಆದ್ದರಿಂದ ಅಪ್ಪಂದಿರೇ, ಗಂಡುಮಕ್ಕಳೇ, ಈ ವಾರ ಒಂದು ಸಂಜೆ ಕೈತೊಳೆದುಕೊಂಡು ಕೂಡ್ರಿ. ಸುರುಳಿ ಸೊಟ್ಟಗಾದರೂ ಚಿಂತೆಯಿಲ್ಲ. ಬೆಂಗಳೂರು, ಪುಣೆಗೆ ಹೋದ ಮಕ್ಕಳು ರಜೆಗೆ ಬಂದಾಗ ಅವರಿಗಾಗಿ ಎಲ್ಲವನ್ನೂ ಮಾಡಿ ಮುಗಿಸಿಡಬೇಡಿ. ಸ್ವಲ್ಪ ಹಿಟ್ಟು ಅವರ ಕೈಗೂ ಉಳಿಯಲಿ. ಕೇಕು ಸುಡುವ ಓವನ್ ಇಲ್ಲದ ಕಾಲದಲ್ಲಿ ನಮ್ಮ ಹಿರಿಯರು ಪಾತ್ರೆಯಲ್ಲಿ ಮರಳು ಹಾಸಿ, ಮುಚ್ಚಳದ ಮೇಲೆ ಕೆಂಡ ಹರಡಿ ಕೇಕು ಬೇಯಿಸಿದರು. ಅದಕ್ಕೆ ಒಬ್ಬರು ಕೆಂಡ ಕಾಯಬೇಕು, ಒಬ್ಬರು ಗಾಳಿ ಹಾಕಬೇಕು. ಸಾಧನ ಕಡಿಮೆ ಇದ್ದಲ್ಲಿ ಜನ ಕೂಡುತ್ತಿದ್ದರು.

ಎರಡನೆಯದಾಗಿ, ಹಬ್ಬ ನಮ್ಮ ಕೈ ಮೀರದಿರಲಿ. ರೋಸ್ ಕುಕ್ಕಿ ಮಾಡುವವರಿಗೆ ಒಂದು ಗುಟ್ಟು ಗೊತ್ತಿದೆ. ಕಬ್ಬಿಣದ ಅಚ್ಚನ್ನು ಎಣ್ಣೆಯಲ್ಲಿ ಚೆನ್ನಾಗಿ ಕಾಯಿಸಿ ಹಿಟ್ಟಿನಲ್ಲಿ ಅದ್ದುವಾಗ ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಆಸೆಪಟ್ಟು ಪೂರ್ತಿ ಮುಳುಗಿಸಿದರೆ ಹಿಟ್ಟು ಅಚ್ಚಿನ ಮೇಲಕ್ಕೂ ಹತ್ತಿ, ಹೂವು ಬಿಡುವುದೇ ಇಲ್ಲ. ಹಬ್ಬದ ಖರ್ಚೂ ಹಾಗೆಯೇ. ಪಕ್ಕದ ಮನೆಯಲ್ಲಿ ಹನ್ನೆರಡು ಬಗೆ ಮಾಡಿದರೆಂದು ನಾವೂ ಸಾಲ ತಂದು ಹನ್ನೆರಡು ಬಗೆ ಮಾಡಬೇಕಾಗಿಲ್ಲ. ಜನವರಿಯಲ್ಲಿ ಬಡ್ಡಿ ಕಟ್ಟುವ ಸಿಹಿ ಸಿಹಿಯಲ್ಲ.

ಸರೆಪ್ತ ಊರಿನ ವಿಧವೆಯನ್ನು ನೆನೆಯಿರಿ. ಅವಳ ಮಡಕೆಯಲ್ಲಿ ಇದ್ದದ್ದು ಒಂದು ಹಿಡಿ ಹಿಟ್ಟು, ಮೊಗೆಯಲ್ಲಿ ತುಸು ಎಣ್ಣೆ. ತನಗೂ ಮಗನಿಗೂ ಕೊನೆಯ ರೊಟ್ಟಿ ಸುಟ್ಟುಕೊಳ್ಳಲು ಕಟ್ಟಿಗೆ ಆರಿಸುತ್ತಿದ್ದಳು. ಎಲೀಯ ಪ್ರವಾದಿ ಅವಳನ್ನು ಕೇಳಿದ್ದು ಹನ್ನೆರಡು ಬಗೆಯನ್ನಲ್ಲ, ಒಂದು ಚಿಕ್ಕ ರೊಟ್ಟಿಯನ್ನು. ಅದನ್ನು ಮೊದಲು ತನಗೆ ಕೊಡು ಎಂದ. ಅವಳು ಕೊಟ್ಟಳು. ಮತ್ತೆ ಮಳೆ ಬರುವ ತನಕ ಆ ಮಡಕೆ ಬರಿದಾಗಲಿಲ್ಲ. ಒಂದೇ ತಿಂಡಿ ಮಾಡುವ ಶಕ್ತಿ ಇದ್ದರೆ ಒಂದೇ ಮಾಡಿರಿ. ಎಳ್ಳು, ಬೆಲ್ಲ, ಶೇಂಗಾ ನಮ್ಮ ಹೊಲದ ಬೆಳೆಗಳೇ. ಒಂದು ಎಳ್ಳುಂಡಿಯನ್ನು ಪ್ರೀತಿಯಿಂದ ಕಟ್ಟಿದರೆ ಅದೇ ಕ್ರಿಸ್‌ಮಸ್.

ಮೂರನೆಯದಾಗಿ, ಮತ್ತು ಮುಖ್ಯವಾಗಿ, ತಟ್ಟೆ ಹೊಸ್ತಿಲು ದಾಟಲಿ. ಎಳ್ಳಮಾವಾಸ್ಯೆಯಂದು ನಮ್ಮ ನೆರೆಹೊರೆಯ ರೈತರು ಬುತ್ತಿ ಹೊತ್ತು ಹೊಲಕ್ಕೆ ಹೋಗುತ್ತಾರೆ. ತಾವು ಉಣ್ಣುವ ಮೊದಲು ಅದರಲ್ಲಿ ಒಂದು ಪಾಲನ್ನು ಬೆಳೆಯ ಮೇಲೆ ಚರಗ ಚೆಲ್ಲುತ್ತಾರೆ. ಮೊದಲ ತುತ್ತು ನಮ್ಮದಲ್ಲ ಎಂಬ ಆ ತಿಳಿವಳಿಕೆ ದೊಡ್ಡದು. ನೆಹೆಮೀಯನ ಗ್ರಂಥದ ಎಂಟನೆಯ ಅಧ್ಯಾಯದಲ್ಲಿಯೂ ಅದೇ ಇದೆ. ಧರ್ಮಶಾಸ್ತ್ರ ಕೇಳಿ ಅಳುತ್ತಿದ್ದ ಜನರಿಗೆ, ಅಳಬೇಡಿ, ಹೋಗಿ ಮೃಷ್ಟಾನ್ನ ಉಂಡು ಸಿಹಿಯಾದದ್ದನ್ನು ಕುಡಿಯಿರಿ ಎಂದು ಅಪ್ಪಣೆಯಾಗುತ್ತದೆ. ಆದರೆ ಮಾತು ಅಲ್ಲಿಗೆ ನಿಲ್ಲುವುದಿಲ್ಲ. ಏನೂ ಸಿದ್ಧಮಾಡಿಕೊಳ್ಳದವರಿಗೆ ಪಾಲು ಕಳುಹಿಸಿರಿ ಎಂಬುದೂ ಅದೇ ಅಪ್ಪಣೆಯ ಭಾಗ.

ದೀಪಾವಳಿಗೆ ನೆರೆಮನೆಯಿಂದ ಕರ್ಚಿಕಾಯಿ ಬಂತು, ರಂಜಾನಿಗೆ ಸುರಕುಂಬಾ ಬಂತು, ಈಗ ನಮ್ಮ ಸರದಿ. ಕೊಡುವಾಗ ತೆಗೆದುಕೊಳ್ಳುವವರ ನೇಮವನ್ನೂ ನೆನೆಯಿರಿ. ನಮ್ಮ ಲಿಂಗಾಯತ ನೆರೆಯವರು ಮೊಟ್ಟೆ ತಿನ್ನುವುದಿಲ್ಲ. ಕೇಕಿನಲ್ಲಿ ಮೊಟ್ಟೆ ಇರುತ್ತದೆ, ಕೆಲವರು ಒಣಹಣ್ಣನ್ನು ರಮ್ಮಿನಲ್ಲಿ ನೆನೆಸುತ್ತಾರೆ. ರಮ್ ಹಾಕಿದ ಕೇಕು ಮುಸ್ಲಿಂ ನೆರೆಯವರಿಗೂ ಸಲ್ಲುವುದಿಲ್ಲ. ಕಿಡಿಯೊ, ರೋಸ್ ಕುಕ್ಕಿಗಳ ಹಿಟ್ಟನ್ನು ಮೊಟ್ಟೆಯಿಲ್ಲದೆ ತೆಂಗಿನಹಾಲಿನಲ್ಲಿಯೂ ಕಲಸಬಹುದು. ಅವರ ಪಾಲನ್ನು ಮೊದಲು, ಹೊಸ ಎಣ್ಣೆಯಲ್ಲಿ ಕರಿದು ತೆಗೆದಿಡಿ. ಏನೇನು ಹಾಕಿದ್ದೀರಿ ಎಂಬುದನ್ನು ಬಾಯಿಬಿಟ್ಟು ಹೇಳಿರಿ. ನನ್ನ ಊಟ ನನ್ನ ಸಹೋದರನಿಗೆ ಎಡವುಗಲ್ಲಾಗಬಾರದೆಂದು ಸಂತ ಪೌಲರು ಬರೆದದ್ದು ಇಂಥ ತಟ್ಟೆಗಳಿಗೂ ಅನ್ವಯಿಸುತ್ತದೆ.

ಆದರೆ ಪ್ರಿಯರೇ, ಇಷ್ಟಕ್ಕೇ ನಿಂತರೆ ಇದು ಮುಯ್ಯಿ ಮಾತ್ರ. ನಮ್ಮಲ್ಲಿ ಬಂದ ತಟ್ಟೆಯನ್ನು ಖಾಲಿ ಕಳಿಸುವುದಿಲ್ಲ, ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕಳಿಸುತ್ತೇವೆ. ಒಳ್ಳೆಯ ಸಂಪ್ರದಾಯ. ಆದರೆ ಅದೇ ಸಂಪ್ರದಾಯ ಬಡವರಿಗೆ ಎಷ್ಟು ಭಾರ ನೋಡಿ. ಕೂಲಿಯ ಮನೆಗೆ ತುಂಬಿದ ತಟ್ಟೆ ಹೋದರೆ, ಆ ತಾಯಿ ಮಗುವನ್ನು ಹಿತ್ತಲ ಬಾಗಿಲಿನಿಂದ ಅಂಗಡಿಗೆ ಓಡಿಸಿ ಉದ್ರಿ ಸಕ್ಕರೆ ತರಿಸುತ್ತಾಳೆ. ತಟ್ಟೆ ಖಾಲಿ ಮರಳಬಾರದಲ್ಲ! ನಾವು ಕೊಟ್ಟ ಸಿಹಿ ಅವಳಿಗೆ ಸಾಲವಾಯಿತು. ಮರಳಿ ಕರೆಯಬಲ್ಲ ಬಂಧುಗಳನ್ನು, ಸಿರಿವಂತ ನೆರೆಯವರನ್ನು ಔತಣಕ್ಕೆ ಕರೆಯುವುದಕ್ಕಿಂತ, ಮರಳಿಸಲು ಏನೂ ಇಲ್ಲದವರನ್ನು ಕರೆಯುವುದೇ ಧನ್ಯತೆ ಎಂದು ಯೇಸುಸ್ವಾಮಿ ಲೂಕನ ಶುಭಸಂದೇಶದ ಹದಿನಾಲ್ಕನೆಯ ಅಧ್ಯಾಯದಲ್ಲಿ ಹೇಳುತ್ತಾರೆ. ಹಾಗಾದರೆ ಮುಯ್ಯಿ ಮುಗಿದು ಕ್ರಿಸ್‌ಮಸ್ ಆರಂಭವಾಗುವುದು ಯಾವಾಗ? ತಟ್ಟೆ ಖಾಲಿ ಮರಳುವ ಮನೆಗೆ ನಾವು ಸಂತೋಷದಿಂದ ಹೋದಾಗ.

ಅಂಥ ಮನೆಗಳು ದೂರ ಇಲ್ಲ. ಈ ವರ್ಷ ಸಾವಾದ ಮನೆಯಲ್ಲಿ ಹಬ್ಬದ ಬಾಣಲಿ ಇಡುವುದಿಲ್ಲ. ಕಬ್ಬು ಕಡಿಯಲು ಬಂದವರು ಹೊಲದ ಬದಿಯಲ್ಲಿ ಗುಡಿಸಲು ಹಾಕಿರುತ್ತಾರೆ. ಕೊಯ್ಲಾದ ಹೊಲಗಳಲ್ಲಿ ಕುರಿಹಿಂಡು ತರುಬಿದ ಕುರಿಗಾರರು ಡಿಸೆಂಬರಿನ ಚಳಿಯಲ್ಲಿ ರಾತ್ರಿಯೆಲ್ಲ ಎಚ್ಚರ ಇರುತ್ತಾರೆ. ಬೆತ್ಲೆಹೇಮಿನ ಹೊಲದಲ್ಲಿ ದೇವದೂತರ ಸುದ್ದಿ ಮೊದಲು ಕೇಳಿದವರು ಇಂಥವರೇ ಅಲ್ಲವೇ? ಅವರಿಗೆ ಬಾಗಿಲೂ ಇಲ್ಲ, ಮರಳಿಸಲು ತಟ್ಟೆಯೂ ಇಲ್ಲ. ಅವರಿಗೆ ಕೊಡುವಾಗ ಸ್ಟೀಲಿನ ತಟ್ಟೆ ಬೇಡ. ಕಾಗದದ ಪೊಟ್ಟಣದಲ್ಲೋ ಎಲೆಯಲ್ಲೋ ಕಟ್ಟಿ ಕೊಡಿರಿ. ಮರಳಿಸುವ ಚಿಂತೆಯೇ ಅವರಿಗೆ ಇರದಿರಲಿ. ಉಳಿದದ್ದನ್ನು, ಮೆತ್ತಗಾದದ್ದನ್ನು ಹಬ್ಬ ಮುಗಿದ ಮೇಲೆ ಕೊಡಬೇಡಿರಿ. ಮೊದಲ ಬಾಣಲಿಯದನ್ನು ಕೊಡಿರಿ.

ಇದಕ್ಕೆ ಮಾದರಿ ಸ್ವತಃ ದೇವರೇ. ಬೆತ್ಲೆಹೇಮ್ ಎಂಬ ಹೀಬ್ರೂ ಹೆಸರಿನ ಅರ್ಥ ರೊಟ್ಟಿಯ ಮನೆ. ಆ ರೊಟ್ಟಿಯ ಮನೆಯಲ್ಲಿ ಮಾತೆ ಮರಿಯಮ್ಮನವರು ಕಂದನನ್ನು ಮಲಗಿಸಿದ್ದು ಗೋದಲಿಯಲ್ಲಿ. ಪೇಟೆಯ ಮಕ್ಕಳಿಗೆ ಗೋದಲಿ ಎಂದರೆ ಬಣ್ಣದ ಕಾಗದ, ದೀಪದ ಸರ. ನಮ್ಮ ಹಳ್ಳಿಯ ಹಳೆಯ ಮನೆಗಳಲ್ಲಿ ಬಾಗಿಲು ದಾಟಿದೊಡನೆ ದನ ಕಟ್ಟುವ ಜಾಗ, ಅದರ ಗ್ವಾದಲಿ, ಒಂದು ಮೆಟ್ಟಿಲು ಮೇಲೆ ಪಡಸಾಲೆ, ಅದರಾಚೆ ಒಲೆ. ಗ್ವಾದಲಿ ಎಂದರೆ ಮೇವು ಹಾಕುವ ಜಾಗ, ದನಗಳ ತಟ್ಟೆ. ಲೋಕಕ್ಕೆ ಆಹಾರವಾಗಲು ಬಂದವರು ತಟ್ಟೆಯಲ್ಲಿಯೇ ಮಲಗಿದರು. ಆ ತಟ್ಟೆಗೆ ಬದಲಾಗಿ ನಾವು ಏನು ಹಾಕಿ ಕಳಿಸಬಲ್ಲೆವು? ದೇವರ ಮುಂದೆ ನಾವೆಲ್ಲರೂ ಉದ್ರಿ ಸಕ್ಕರೆಗೆ ಓಡುವ ಆ ತಾಯಿಯ ಮಕ್ಕಳೇ. ಆದರೂ ಅವರು ಪ್ರತಿ ಬಲಿಪೂಜೆಯಲ್ಲಿ ಬರಿಯ ಗೋದಿಹಿಟ್ಟು ಮತ್ತು ನೀರಿನಿಂದ ಆದ ರೊಟ್ಟಿಯ ರೂಪದಲ್ಲಿ ತಮ್ಮನ್ನೇ ಕೊಡುತ್ತಾರೆ. ನಮ್ಮ ಖಾಲಿ ಕೈಗೆ ಬೇಸರಿಸುವುದಿಲ್ಲ.

ಆದ್ದರಿಂದ ಈ ವಾರ ಪ್ರತಿಯೊಂದು ಕುಟುಂಬವೂ ರಾತ್ರಿಯ ಪ್ರಾರ್ಥನೆಯ ನಂತರ ಕೂತು ಒಂದು ಪ್ರಶ್ನೆ ಕೇಳಿಕೊಳ್ಳಲಿ: ನಮ್ಮ ಪಾಲು ಮರಳಿ ಬಾರದ ಮನೆ ಯಾವುದು? ಆ ಮನೆಯ ಹೆಸರನ್ನು ಮಕ್ಕಳೇ ಹೇಳಲಿ. ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿರಿ. ಹೊರಗೆ ನಿಂತು ಕೊಟ್ಟು ಬರಬೇಡಿರಿ, ಐದು ನಿಮಿಷ ಕೂತು ಮಾತನಾಡಿಸಿ ಬನ್ನಿರಿ. ನಾವು ಏನು ಮಾಡಬೇಕು ಎಂಬ ಜನರ ಪ್ರಶ್ನೆಗೆ ಯೊವಾನ್ನರು ಕೊಟ್ಟ ಉತ್ತರ ಈ ಕ್ರಿಸ್‌ಮಸ್ಸಿಗೆ ನಮ್ಮ ಕೈಯಲ್ಲಿ ಒಂದು ಪೊಟ್ಟಣವಾಗಲಿ.

ರೊಟ್ಟಿಯ ಮನೆಯಲ್ಲಿ ಹುಟ್ಟಿದ ಬಾಲಯೇಸು ನಿಮ್ಮ ಒಲೆಗಳನ್ನು, ಹಿಟ್ಟು ನಾದುವ ಕೈಗಳನ್ನು, ನೀವು ದಾಟುವ ಹೊಸ್ತಿಲುಗಳನ್ನು ಆಶೀರ್ವದಿಸಲಿ. ಆಮೆನ್.