ಮೊದಲ ಸಲ ಮಾಡುವವರಿಗಾಗಿ ಒಂದು ಕೈಪಿಡಿ



ಸುವರ್ಣ ಮಹೋತ್ಸವದ ನೆನಪಿಗೆ ನಾನು ಶಾಲೆಗೆ ಒಂದು ಕೈಪಿಡಿ ಬರೆದುಕೊಡುತ್ತಿದ್ದೇನೆ. ಹಳೆಯ ಕಂಪ್ಯೂಟರಿಗೆ ಉಬುಂಟು ಹಾಕುವುದು ಹೇಗೆ ಎಂಬುದೇ ಅದರ ವಿಷಯ. ವಿಂಡೋಸ್‌ನಂತೆ ಉಬುಂಟು ಕೂಡ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ. 2004ರಿಂದ ಉಚಿತವಾಗಿ ಸಿಗುತ್ತಿದೆ.

ಈಗ ಇದು ಯಾಕೆ ಬೇಕು? ವಿಂಡೋಸ್ 10ಕ್ಕೆ ಇದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಎಷ್ಟೋ ಹಳೆಯ ಕಂಪ್ಯೂಟರುಗಳು ವಿಂಡೋಸ್ 11ರ ಷರತ್ತಿಗೆ ಹೊಂದುವುದಿಲ್ಲ. ಯಂತ್ರ ಗಟ್ಟಿಯಾಗಿಯೇ ಇದ್ದರೂ ಮೂಲೆ ಸೇರುತ್ತದೆ. ಅಂಥದ್ದನ್ನು ಇನ್ನೂ ಕೆಲವು ವರ್ಷ ದುಡಿಸಬಹುದು.

ಉಬುಂಟು ಹಾಕುವುದು ಅಷ್ಟು ಕಷ್ಟವಲ್ಲ, ಅದನ್ನು ತಿಳಿಯುವಂತೆ ಬರೆಯುವುದು ಕಷ್ಟ. "ಬೂಟ್ ಮೆನು ತೆರೆಯಿರಿ" ಎನ್ನುವುದು ನನಗೆ ಒಂದು ಸಾಲು. ಮೊದಲ ಸಲ ಕೂತವರಿಗೆ ಅಲ್ಲೇ ದಾರಿ ಮುಗಿಯುತ್ತದೆ. ಉಬುಂಟು ತುಂಬಿದ ಪೆನ್‌ಡ್ರೈವ್ ಸಿಕ್ಕಿಸಿ, ಪವರ್ ಬಟನ್ ಒತ್ತಿದ ಕೂಡಲೇ ಒಂದು ಕೀಲಿಯನ್ನು ಮತ್ತೆ ಮತ್ತೆ ತಟ್ಟಬೇಕು. ಕೆಲವು ಕಂಪನಿಯವಕ್ಕೆ ಅದು ಎಫ್12, ಕೆಲವಕ್ಕೆ ಎಫ್9, ಇನ್ನು ಕೆಲವಕ್ಕೆ ಎಸ್ಕೇಪ್. ತಡವಾಗಿ ವಿಂಡೋಸ್ ತೆರೆದುಕೊಂಡರೆ ಏನೂ ಕೆಟ್ಟಿಲ್ಲ, ಆರಿಸಿ ಮತ್ತೆ ಪ್ರಯತ್ನಿಸಿ ಎಂದೂ ಬರೆಯಬೇಕು. ಏನು ಮಾಡಬೇಕು, ಪರದೆಯ ಮೇಲೆ ಏನು ಕಾಣಬೇಕು, ಕಾಣದಿದ್ದರೆ ಏನು ಮಾಡಬೇಕು: ಪ್ರತಿ ಹೆಜ್ಜೆಗೂ ಈ ಮೂರು ಇರಲೇಬೇಕು.

ಎಲ್ಲಕ್ಕಿಂತ ಮುಖ್ಯ, ಎಚ್ಚರಿಕೆ ಎಲ್ಲಿ ಬರುತ್ತದೆ ಎಂಬುದು. ಉಬುಂಟು ಹಾಕುವಾಗ "ಇರೇಸ್ ಡಿಸ್ಕ್" ಎಂಬ ಆಯ್ಕೆ ಬರುತ್ತದೆ. ಅದನ್ನು ಒಪ್ಪಿ ಮುಂದುವರಿದರೆ ಡಿಸ್ಕಿನಲ್ಲಿದ್ದ ಮದುವೆಯ ಫೋಟೊ, ಸಂಘದ ಲೆಕ್ಕ, ಮಕ್ಕಳ ಅಂಕಪಟ್ಟಿ ಎಲ್ಲವೂ ಹೋಗುತ್ತವೆ. ಈ ಮಾತನ್ನು ಕೊನೆಯ ಪುಟದಲ್ಲಿ ಸೂಚನೆಯಾಗಿ ಬರೆದರೆ ಯಾರಿಗೂ ಪ್ರಯೋಜನವಿಲ್ಲ. ಆದ್ದರಿಂದ ನನ್ನ ಕೈಪಿಡಿಯ ಮೊದಲ ಪುಟದಲ್ಲಿ ಉಬುಂಟು ಮಾತೇ ಇಲ್ಲ. ಬೇಕಾದ ಕಡತಗಳನ್ನೆಲ್ಲ ಬೇರೆ ಹಾರ್ಡ್‌ಡಿಸ್ಕಿಗೆ ಹಾಕಿಕೊಳ್ಳಿ, ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ, ಆಮೇಲೆ ಪುಟ ತಿರುಗಿಸಿ ಎಂದಷ್ಟೇ ಇದೆ.

ಎರಡನೆಯ ಪುಟದಲ್ಲಿ "ಟ್ರೈ ಉಬುಂಟು" ಇದೆ. ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವಿನಿಂದಲೇ ನಡೆಸಿ ನೋಡುವ ವಿಧಾನ ಅದು. ವೈಫೈ, ಪ್ರಿಂಟರ್, ಕನ್ನಡ ಟೈಪಿಂಗ್ ಸರಿಯಾಗಿವೆಯೇ ಎಂದು ಅಲ್ಲೇ ಪರೀಕ್ಷಿಸಬಹುದು. ನುಡಿಯ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಪ್ರಶ್ನೆಪತ್ರಿಕೆಗಳನ್ನು ಯೂನಿಕೋಡ್‌ಗೆ ಬದಲಿಸದಿದ್ದರೆ ಅಕ್ಷರಗಳು ಗೋಜಲಾಗಿ ಕಾಣುತ್ತವೆ. ಟ್ಯಾಲಿಯಂಥ ವಿಂಡೋಸ್ ತಂತ್ರಾಂಶದ ಮೇಲೆಯೇ ವ್ಯವಹಾರ ನಡೆಸುವವರು ಆತುರಪಡಬೇಡಿ. ಬೇಡ ಎನ್ನಬೇಕಾದಲ್ಲಿ ಬೇಡ ಎನ್ನುವುದೂ ಕೈಪಿಡಿಯ ಕೆಲಸವೇ.

ಇನ್ನೊಂದು ಮಾತು. ಪರದೆಯ ಮೇಲಿನ ಇಂಗ್ಲಿಷ್ ಪದಗಳನ್ನು ಹಾಗೆಯೇ ಉಳಿಸಿ ಪಕ್ಕದಲ್ಲಿ ಕನ್ನಡ ಅರ್ಥ ಕೊಟ್ಟಿದ್ದೇನೆ. ಬರೀ ಕನ್ನಡದಲ್ಲಿ "ಮುಂದುವರಿಯಿರಿ" ಎಂದು ಬರೆದರೆ, "ನೆಕ್ಸ್ಟ್" ಎಂದಿರುವ ಬಟನ್ ಮುಂದೆ ಓದುಗರು ಹುಡುಕುತ್ತಾ ಕೂರಬೇಕಾಗುತ್ತದೆ.

ಕೈಪಿಡಿಯ ಕರಡನ್ನು ಮುಖ್ಯೋಪಾಧ್ಯಾಯರಿಗೆ ಒಪ್ಪಿಸುತ್ತೇನೆ. ಒಂಬತ್ತನೆಯ ತರಗತಿಯ ಮಕ್ಕಳು ಒಂದು ಖಾಲಿ ಯಂತ್ರದ ಮೇಲೆ ಅದನ್ನು ಓದಿಕೊಂಡು ಮಾಡಿ ನೋಡಲಿ. ನಾನು ಹಿಂದೆ ಸುಮ್ಮನೆ ಕೂತಿರುತ್ತೇನೆ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ತಿದ್ದಬೇಕಾದದ್ದು ಕೈಪಿಡಿಯನ್ನು, ಮಕ್ಕಳನ್ನಲ್ಲ. ಗುರುಗಳೇ, ಅಂದು ನಮ್ಮ ಉತ್ತರಪತ್ರಿಕೆ ತಿದ್ದಿದ ಹಾಗೆ ಇದನ್ನೂ ಕೆಂಪು ಶಾಯಿಯಲ್ಲಿ ತಿದ್ದಿಕೊಡಿ.