ಕೊನೆಯ ದೀರ್ಘ ಓಟ

ಮ್ಯಾರಥಾನ್ ಓಟದ ದೂರ 42 ಕಿಲೋಮೀಟರು 195 ಮೀಟರು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮೊದಲು ಬಳಕೆಗೆ ಬಂದ ಈ ಅಳತೆ 1921ರಲ್ಲಿ ಅಂತರರಾಷ್ಟ್ರೀಯ ನಿಯಮವಾಯಿತು. ಆದರೆ ಇದರಲ್ಲೊಂದು ವಿಚಿತ್ರವಿದೆ. ಈ ಓಟಕ್ಕಾಗಿ ತಿಂಗಳುಗಟ್ಟಲೆ ಸಿದ್ಧರಾಗುವ ನಮ್ಮಂಥ ಹವ್ಯಾಸಿಗಳು ಅಭ್ಯಾಸದಲ್ಲಿ ಆ ದೂರವನ್ನು ಸಾಮಾನ್ಯವಾಗಿ ಒಮ್ಮೆಯೂ ಓಡುವುದಿಲ್ಲ. ಅವರ ಅತಿ ದೀರ್ಘವಾದ ಓಟ 30 ಅಥವಾ 32 ಕಿಲೋಮೀಟರಿಗೆ ಮುಗಿಯುತ್ತದೆ; ಅದೂ ಸ್ಪರ್ಧೆಗೆ ಸುಮಾರು ಮೂರು ವಾರ ಮೊದಲೇ. ಉಳಿದ ದೂರವನ್ನು ಏಕೆ ಬಿಡಬೇಕು? ಈ ಪ್ರಶ್ನೆಗೆ ಉತ್ತರ ಪುಸ್ತಕಗಳಲ್ಲಿದೆ. ಆದರೆ ಅದು ನನ್ನ ಮನಸ್ಸಿಗಿಳಿದದ್ದು ಕಳೆದ ಭಾನುವಾರ, ಬಲಸಮುದ್ರದ ರಸ್ತೆಯ ಮೇಲೆ.

ಹೆಸರಿನಲ್ಲಿ ಸಮುದ್ರವಿದೆಯೆಂದು ಕೇಳುಗರು ಭ್ರಮಿಸಬಾರದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಈ ಸೀಮೆ ಮಳೆಗಾಗಿ ಮುಗಿಲು ನೋಡುವ ಸೀಮೆ. ದೊಡ್ಡ ಕೆರೆಯನ್ನು ಸಮುದ್ರವೆಂದು ಕರೆಯುವುದು ನಮ್ಮ ನಾಡಿನ ಹಳೆಯ ರೂಢಿ. ಹೊಯ್ಸಳರ ದೋರಸಮುದ್ರವೇ ಅದಕ್ಕೆ ಸಾಕ್ಷಿ. ನೀರು ಕಡಿಮೆಯಿರುವ ಕಡೆಯಲ್ಲೇ ನೀರಿನ ಲೆಕ್ಕ ಬಿಗಿಯಾಗಿರುತ್ತದೆ. ಕೆರೆಯ ತೂಬು ತೆಗೆಯುವವನು ನೀರುಗಂಟಿ. ಮೊದಲ ಗದ್ದೆಯವನು ಎಷ್ಟೇ ಕೂಗಿಕೊಳ್ಳಲಿ, ಅಚ್ಚುಕಟ್ಟಿನ ಕೊನೆಯ ಗದ್ದೆಯನ್ನು ನೆನಪಿನಲ್ಲಿಟ್ಟುಕೊಂಡೇ ಅವನು ನೀರು ಬಿಡಬೇಕು.

ಓಟಗಾರನ ದೇಹವೂ ಇಂಥದೊಂದು ಕೆರೆ. ನಾವು ಉಂಡ ಅನ್ನ, ರಾಗಿಯ ಸಾರ ಗ್ಲೈಕೋಜನ್ ಎಂಬ ರೂಪದಲ್ಲಿ ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಸಂಗ್ರಹವಾಗುತ್ತದೆ. ಒಟ್ಟು ತೂಕ ಹೆಚ್ಚೆಂದರೆ ಅರ್ಧ ಕಿಲೋಗ್ರಾಂ; ಅದರಿಂದ ದೊರೆಯುವ ಶಕ್ತಿ ಸುಮಾರು 2000 ಕ್ಯಾಲರಿ. 60 ಕಿಲೋ ತೂಕದ ಮನುಷ್ಯ ಒಂದು ಕಿಲೋಮೀಟರು ಓಡಲು ಹೆಚ್ಚುಕಡಿಮೆ 60 ಕ್ಯಾಲರಿ ಬೇಕು. ಲೆಕ್ಕ ಹಾಕಿ ನೋಡಿದರೆ, ಮ್ಯಾರಥಾನ್‌ಗೆ 2500 ಕ್ಯಾಲರಿಗಳಷ್ಟಾದರೂ ಖರ್ಚಿದೆ. ಕೊರತೆಯನ್ನು ಮೈಯ ಕೊಬ್ಬು ತುಂಬಬೇಕು; ಅದು ನಿಧಾನವಾಗಿ ಉರಿಯುವ ಸೌದೆ. ಆರಂಭದಲ್ಲೇ ರಭಸದಿಂದ ಓಡಿದವನ ಸಂಗ್ರಹ 30 ಕಿಲೋಮೀಟರಿನ ಆಸುಪಾಸಿನಲ್ಲಿ ಬರಿದಾಗಿ, ಕಾಲುಗಳು ಕಲ್ಲಾಗುತ್ತವೆ. ಕೊಬ್ಬನ್ನು ಹೆಚ್ಚಾಗಿ ಬಳಸಿ ಗ್ಲೈಕೋಜನ್ ಉಳಿಸುವುದನ್ನು ಸ್ನಾಯುಗಳಿಗೆ ಕಲಿಸುವ ಪಾಠಶಾಲೆಯೇ ದೀರ್ಘ ಓಟ.

ನನಗೀಗ ಐವತ್ತನಾಲ್ಕು ವರ್ಷ. ಬೆಂಗಳೂರಿನಲ್ಲಿ ನಾನು ಓಡಲಿರುವ ಮ್ಯಾರಥಾನ್ ನನ್ನ ಮೊದಲನೆಯದು. ವೈದ್ಯರು ಒಪ್ಪಿದ್ದಾರೆ, ಎಡ ಮೊಣಕಾಲು ಮಾತ್ರ ಪೂರ್ತಿಯಾಗಿ ಒಪ್ಪಿಲ್ಲ. ಬಲಸಮುದ್ರದಿಂದ 16 ಕಿಲೋಮೀಟರು ಹೋಗಿ, ಅದೇ ದಾರಿಯಲ್ಲಿ ಮರಳುವುದು ಭಾನುವಾರದ ಯೋಜನೆ. ಉಪ್ಪು ಸಕ್ಕರೆ ಬೆರೆಸಿದ ನೀರಿನ ಸೀಸೆಗಳನ್ನು ಹಿಂದಿನ ಸಂಜೆಯೇ ದಾರಿಯ ಹುಣಸೆಮರಗಳ ಬುಡದಲ್ಲಿಟ್ಟು ಬಂದಿದ್ದೆ. ಬೆಳಗಿನ ನಾಲ್ಕೂವರೆಗೆ ಹೊರಟಾಗ ನಕ್ಷತ್ರಗಳಿದ್ದವು. ಬೆಳಕು ಹರಿದಾಗ ಇಕ್ಕೆಲದಲ್ಲಿ ಕಡಲೆಕಾಯಿ ಹೊಲ, ರಾಗಿಯ ಎಳೆಪೈರು. ದನ ಹೊಡೆದುಕೊಂಡು ಬರುತ್ತಿದ್ದ ಮುದುಕರೊಬ್ಬರು ಗಾಬರಿಯಿಂದ ಕೇಳಿದರು: “ಯಾಕ್ ಸ್ವಾಮಿ ಹಿಂಗೆ ಓಡ್ತಿದೀರಿ, ಊರಲ್ಲಿ ಯಾರಿಗಾದ್ರೂ ಏನಾದ್ರೂ ಆಯ್ತಾ?” “ಏನೂ ಇಲ್ಲ ಯಜಮಾನ್ರೇ, ಅಭ್ಯಾಸ ಮಾಡ್ತಿದೀನಿ,” ಎಂದೆ. “ಹಂಗಾದ್ರೆ ನಿಧಾನಕ್ಕೆ ಹೋಗ್ರಿ, ಊರೇನು ಓಡಿಹೋಗಲ್ಲ,” ಎಂದರು.

ಆ ಮಾತಿಗೆ ನಗುತ್ತಲೇ ಮುಂದೆ ಸಾಗಿದಾಗ ನೆನಪಿಗೆ ಬಂದವರು ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ. 1920ರ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ಅವರು ಮ್ಯಾರಥಾನ್ ಓಡಿದರು. ಅಂದಿನ ದಾರಿ ಇಂದಿನ ಅಳತೆಗಿಂತಲೂ ಉದ್ದ, 42 ಮುಕ್ಕಾಲು ಕಿಲೋಮೀಟರು. ಹೊರಟವರೆಲ್ಲ ಗುರಿ ಮುಟ್ಟಲಿಲ್ಲ. ಚೌಗುಲೆಯವರು 2 ಗಂಟೆ 50 ನಿಮಿಷಗಳ ಸುಮಾರಿಗೆ ಹತ್ತೊಂಬತ್ತನೆಯವರಾಗಿ ಮುಟ್ಟಿದರು. ಪದಕವಿಲ್ಲದ ಈ ಹತ್ತೊಂಬತ್ತನೆಯ ಸ್ಥಾನವನ್ನು ನಾನು ಸಣ್ಣದೆಂದು ಎಣಿಸಲಾರೆ. ನೀರು ಕೊನೆಯ ಗದ್ದೆಯನ್ನು ಮುಟ್ಟಿತಲ್ಲ, ಅದೇ ಮುಖ್ಯ.

ನನಗೆ ನಿಜವಾದ ಪರೀಕ್ಷೆ ಎದುರಾದದ್ದು ಓಟದ ನಡುವೆ ಅಲ್ಲ, ಅದರ ತುದಿಯಲ್ಲಿ. ಎಂಟೂವರೆಯ ಹೊತ್ತಿಗೆ ಊರು ಕಂಡಿತು. 32 ಕಿಲೋಮೀಟರು ಮುಗಿಯಿತು. ತೊಡೆಗಳು ಬಿಗಿದಿದ್ದವು, ಅಂಗಿಯ ಮೇಲೆ ಬೆವರಿನ ಉಪ್ಪು ಬಿಳಿಯಾಗಿ ಗೆರೆ ಬರೆದಿತ್ತು. ಆದರೂ ಕಾಲು ಇನ್ನೂ ನಡೆಯುತ್ತಿತ್ತು. ಇನ್ನು ಹತ್ತೇ ಕಿಲೋಮೀಟರು! ಇಂದೇ ಓಡಿಬಿಟ್ಟರೆ ಸಂಶಯವೇ ಇರುವುದಿಲ್ಲ ಎಂದಿತು ಮನಸ್ಸು. ಅದು ಧೈರ್ಯದ ಧ್ವನಿಯಲ್ಲಿ ಮಾತನಾಡುತ್ತಿತ್ತು. ಆದರೆ ಆಡುತ್ತಿದ್ದುದು ಭಯ. ಕಾಣದ ಆ ಹತ್ತು ಕಿಲೋಮೀಟರಿನ ಭಯ. ನನ್ನ ವಯಸ್ಸಿನಲ್ಲಿ ಕಳೆದ ವರ್ಷ ಮರಳಿ ಸಿಕ್ಕೀತೆಂಬ ಭರವಸೆಯಿಲ್ಲದ ಭಯ.

ಶರೀರಶಾಸ್ತ್ರ ಹೇಳುವುದು ಬೇರೆ. ದೀರ್ಘ ಓಟದಲ್ಲಿ ಸ್ನಾಯುವಿನ ಎಳೆಗಳು ಸೂಕ್ಷ್ಮವಾಗಿ ಹರಿದಿರುತ್ತವೆ. ಅವು ಕೂಡಿಕೊಂಡು ಮೊದಲಿಗಿಂತ ಗಟ್ಟಿಯಾಗುವುದು ವಿಶ್ರಾಂತಿಯಲ್ಲಿ. ಉಳಿದ ವಾರಗಳಲ್ಲಿ ಓಟವನ್ನು ಕ್ರಮವಾಗಿ ತಗ್ಗಿಸಿ, ಉಂಡು, ನಿದ್ರಿಸಿದರೆ ಕೆರೆ ಮತ್ತೆ ತುಂಬುತ್ತದೆ. ಇಂದಿನ ಹೆಚ್ಚುವರಿ ಹತ್ತು ಕಿಲೋಮೀಟರು ನನಗೆ ಹೊಸ ಬಲವನ್ನೇನೂ ಕೊಡುತ್ತಿರಲಿಲ್ಲ. ಸ್ಪರ್ಧೆಯ ದಿನದ ಬಲವನ್ನು ಮುಂಗಡವಾಗಿ ಖರ್ಚು ಮಾಡುತ್ತಿತ್ತು. ನಾನು ನಿಂತೆ. ಬೇಲಿಯ ಪಕ್ಕದ ಕಲ್ಲಿನ ಮೇಲೆ ಕುಳಿತು ಬೂಟಿನ ದಾರ ಬಿಚ್ಚಿದೆ. 32 ಕಿಲೋಮೀಟರು ಓಡಿದ್ದಕ್ಕಿಂತ ಆ ಗಂಟು ಬಿಚ್ಚಿದ್ದೇ ಕಷ್ಟವಾಯಿತೆಂದರೆ ಉತ್ಪ್ರೇಕ್ಷೆಯಲ್ಲ.

ಸಿದ್ಧತೆಯೆಂದರೆ ಎಲ್ಲವನ್ನೂ ಮೊದಲೇ ಮಾಡಿ ನೋಡುವುದೆಂದು ನಾವು ತಿಳಿಯುತ್ತೇವೆ. ಮಗಳ ಮದುವೆಗೆ, ಮಗನ ಪರೀಕ್ಷೆಗೆ, ಕೊನೆಗೆ ನಮ್ಮ ಮುಪ್ಪಿಗೂ ಹೀಗೆಯೇ ಸಿದ್ಧರಾಗಲು ಹೆಣಗುತ್ತೇವೆ. ಆದರೆ ಯಾವ ಸಿದ್ಧತೆಯೂ ಪೂರ್ತಿ ದೂರವನ್ನು ತೋರಿಸಲಾರದು. ಮಾಡಬೇಕಾದಷ್ಟನ್ನು ಮಾಡಿ, ಉಳಿದದ್ದನ್ನು ಆ ದಿನಕ್ಕೆ ಬಿಡುವುದು ಸೋಮಾರಿತನವಲ್ಲ. ಅದೂ ಅಭ್ಯಾಸದ ಒಂದು ಭಾಗವೇ. ಕೊನೆಯ ಹತ್ತು ಕಿಲೋಮೀಟರು ಹೇಗಿರುತ್ತದೆಂದು ನಾನರಿಯೆ. ತೂಬು ಮುಚ್ಚಿದ್ದೇನೆ, ನೀರು ನಿಲ್ಲುತ್ತಿದೆ ಎಂಬಷ್ಟನ್ನು ಮಾತ್ರ ಬಲ್ಲೆ.