ಒಂದು ಪರ್ಸೆಂಟ್ ಎಂದರೆ ಎಷ್ಟು?

(ಬೆಳ್ಳಿಹಬ್ಬದ ರೈತಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳು)



ನಮ್ಮದು ಎಸ್.ಎಸ್.ಎಲ್.ಸಿ. ಓದು. ವಿಜ್ಞಾನಿಗಳ ಹಾಗೆ ಮಾತಾಡೋಕೆ ಬರೋದಿಲ್ಲ. ಆದರೆ ಪ್ರತಿ ವರ್ಷ ಮಳೆಗೆ ಮುಂಚೆ ಗೋಡೌನಿನ ಮುಂದೆ ಮೈಲುತುತ್ತಕ್ಕೆ ನಿಂತಾಗ ನಮ್ಮ ನಮ್ಮಲ್ಲೇ ಒಂದು ವಾದ ಏಳುತ್ತದೆ: ಯಾರ ಮದ್ದು ಗಟ್ಟಿ, ಯಾರದ್ದು ತೆಳು? ಆ ಬಗ್ಗೆ ನಾಲ್ಕು ಮಾತು ಹೇಳುತ್ತೇವೆ.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಒಂದು ಪರ್ಸೆಂಟ್ ಇರಬೇಕು. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಲೀಟರಿಗೆ 10 ಗ್ರಾಂ ತುತ್ತ ಬಿತ್ತು. ಇದು ಎಲ್ಲರಿಗೂ ಬಾಯಿಪಾಠ. ತೊಂದರೆ ಇರೋದು ಡ್ರಮ್ಮಿನಲ್ಲಿ. ನಮ್ಮ ಅಂಗಳದ ಡ್ರಮ್ಮು 200 ಲೀಟರಿನದು. ಅದಕ್ಕೆ ಒಂದೇ ಕೆ.ಜಿ. ಹಾಕಿದರೆ ಅರ್ಧ ಪರ್ಸೆಂಟ್ ಆಯಿತು. ಕೊನೆಗಾರನ ಕೂಲಿ ಅಷ್ಟೇ, ನೀರು ಹೊತ್ತ ಶ್ರಮ ಅಷ್ಟೇ. ಉಳಿದದ್ದು ಒಂದು ಕೆ.ಜಿ. ತುತ್ತದ ದುಡ್ಡು. ಹೋದದ್ದೆಷ್ಟು ಎಂಬುದು ಆಗಸ್ಟಿನಲ್ಲಿ ಮರದ ಬುಡದಲ್ಲಿ ಉದುರಿದ ಹಸಿಕಾಯಿ ಹೆಕ್ಕಿದವರಿಗೆ ಗೊತ್ತು.

ಹಾಗಂತ ಗಟ್ಟಿ ಮಾಡಿದಷ್ಟೂ ಒಳ್ಳೆಯದಲ್ಲ. ಫ್ರಾನ್ಸಿನ ಬೋರ್ಡೋದಲ್ಲಿ ಮಿಲಾರ್ದೆ ಎಂಬುವರು 1885ರಲ್ಲಿ ದ್ರಾಕ್ಷಿಗೆ ಹೇಳಿದ ಲೆಕ್ಕ 100 ಲೀಟರಿಗೆ 8 ಕೆ.ಜಿ. ತುತ್ತ, ಬೇರೆ 30 ಲೀಟರಿನಲ್ಲಿ 15 ಕೆ.ಜಿ. ಸುಣ್ಣ. ಎರಡೂ ಸೇರಿದರೆ ಸುಮಾರು ಆರು ಪರ್ಸೆಂಟ್! ಬರಬರುತ್ತಾ ಒಂದಕ್ಕೆ ಇಳಿದಿದೆ. ನಮ್ಮ ಮೈಸೂರು ಸಂಸ್ಥಾನದಲ್ಲಿ ಕೊಳೆರೋಗದ ಮೇಲೆ 1910ರಲ್ಲಿ ಬರೆದು, ಬೋರ್ಡೋ ಹೊಡೆಯುವುದನ್ನು ರೂಢಿಗೆ ತಂದವರು ಡಾ. ಲೆಸ್ಲಿ ಕೋಲ್ಮನ್. ಅದಕ್ಕೂ ಮೊದಲು ಹಿರಿಯರು ಕೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ತುತ್ತ ಹೆಚ್ಚಾದರೆ ತಾಮ್ರ ಮಣ್ಣಿಗಿಳಿದು ಅಲ್ಲೇ ಕೂರುತ್ತದೆ.

ಬಣ್ಣ ನೋಡಿ ಗಟ್ಟಿ-ತೆಳು ಹೇಳುವ ಪಂಡಿತರೂ ನಮ್ಮಲ್ಲಿದ್ದಾರೆ. ಬಣ್ಣ ಬೇಡ, ಕತ್ತಿ ಅದ್ದಿ ನೋಡಿ. ಕಬ್ಬಿಣದ ಮೇಲೆ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದು. ಹಿಂಗಾರ ಸುಡುತ್ತದೆ. ಗಾಳಿ ತಾಗಿ ಸತ್ತ ಹಳೇ ಸುಣ್ಣ ಕೆ.ಜಿ. ತೂಗಿದರೂ ಕೆ.ಜಿ. ಕೆಲಸ ಮಾಡೋದಿಲ್ಲ. ಇನ್ನು, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯಬೇಕು, ಉಲ್ಟಾ ಅಲ್ಲ.

"ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಸಾಕಂತೆ, ತುತ್ತ 10 ಗ್ರಾಂ ಬೇಕು, ಅದೇ ಗಟ್ಟಿ ಅಲ್ವಾ?" ಎಂದು ಕೇಳುತ್ತಾರೆ. ಆ ಪ್ಯಾಕೆಟಿನ ಮೇಲಿನ 50 ಎಂದರೆ ಅರ್ಧ ಭಾಗ ತಾಮ್ರ. 3 ಗ್ರಾಮಿನಲ್ಲಿ ಸಿಗೋದು ಒಂದೂವರೆ ಗ್ರಾಂ. ಮೈಲುತುತ್ತದಲ್ಲಿ ತಾಮ್ರ ಕಾಲು ಭಾಗ. 10 ಗ್ರಾಮಿನಲ್ಲಿ ಎರಡೂವರೆ ಗ್ರಾಂ. ಮೇಲಾಗಿ ನಮ್ಮ ಮಳೆಗೆ ಬೋರ್ಡೋ ಹಿಡಿದು ನಿಂತ ಹಾಗೆ ಅದು ನಿಲ್ಲೋದಿಲ್ಲ.

ಈಗ ಸಂಘದ ಮೇಲಿನ ದೂರಿಗೆ ಬರೋಣ. "ಸಂಘದ ಬೇವಿನ ಔಷಧಿ ದುಬಾರಿ, ಪೇಟೆಯಲ್ಲಿ ಅಗ್ಗ." ಬೆಲೆ ನೋಡಿದಿರಿ, ಲೇಬಲ್ಲಿನ ಪಿ.ಪಿ.ಎಂ. ನೋಡಿದಿರಾ? ಒಂದು ಪರ್ಸೆಂಟ್ ಎಂದರೆ 10,000 ಪಿ.ಪಿ.ಎಂ. ಒಂದು ಬಾಟಲಿಯಲ್ಲಿ 10,000, ಇನ್ನೊಂದರಲ್ಲಿ 300 ಇದ್ದರೆ, ಮೊದಲನೆಯದರ ಒಂದು ಲೀಟರಿನಲ್ಲಿರುವ ಅಜಾಡಿರಾಕ್ಟಿನ್ ಎರಡನೆಯದರ 33 ಲೀಟರಿಗೆ ಸಮ. 300ರದ್ದು ಬಹುಪಾಲು ಬೇವಿನೆಣ್ಣೆ, ಎಣ್ಣೆಗೂ ಅದರದ್ದೇ ಗುಣ ಇದೆ, ಅದು ಕೆಟ್ಟದ್ದು ಎನ್ನುತ್ತಿಲ್ಲ. ಆದರೆ ಎರಡಕ್ಕೂ ಒಂದೇ ಮುಚ್ಚಳದಿಂದ ಅಳೆಯೋದು, ಒಂದೇ ಬೆಲೆ ಕೇಳೋದು ಸರಿಯಲ್ಲ. ಬೈಯುವವರು ಲೇಬಲ್ ಓದಿ ಬೈಯಲಿ, ಕೇಳಲು ನಾವು ತಯಾರು.

ಗೋಡೌನಿನಲ್ಲಿ ಒಂದು ಸಣ್ಣ ತಕ್ಕಡಿ ಇಡಬೇಕು, ಸದಸ್ಯರ ಡ್ರಮ್ಮಿಗೆ 100 ಲೀಟರಿನ ಗೆರೆ ಬಣ್ಣದಲ್ಲಿ ಹಾಕಿಕೊಡಬೇಕು ಎಂದು ಮಂಡಳಿಯ ಮುಂದೆ ಇಟ್ಟಿದ್ದೇವೆ. ಒಪ್ಪಿಗೆಯಾದರೆ ಮೇ ತಿಂಗಳೊಳಗೆ ಡ್ರಮ್ಮು ತೊಳೆದು ತನ್ನಿ.